ಹತ್ತು ಸಾವಿರದ ಒಂದು

"ನೂರರ ತನಕ ಭಾಗಿಸಿ ನೋಡೀಯೇನ?" ಶೋಭಾ ಟೀಚರ್ ಕೇಳಿದರು.

"ಹೂಂ ರೀ," ಎಂದಳು ಸುವರ್ಣಾ.

ನೋಡಿರಲಿಲ್ಲ. ಹತ್ತೊಂಬತ್ತಕ್ಕೇ ಪೆನ್ಸಿಲ್ ಇಟ್ಟು ಟಿವಿ ಮುಂದೆ ಕೂತಿದ್ದಳು.

ಕಲ್ಲೋಳಿ ಶಾಲೆಯ ಆರನೇ ತರಗತಿಗೆ ಹೋಮ್‌ವರ್ಕ್ ಇತ್ತು. ಹತ್ತು ಸಾವಿರಕ್ಕಿಂತ ದೊಡ್ಡದಾದ ಒಂದು ಅವಿಭಾಜ್ಯ ಸಂಖ್ಯೆ ಹುಡುಕಿ ತರಬೇಕು. ಅಂದರೆ, ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಸರಿಯಾಗಿ ಭಾಗವಾಗಬಾರದು.

ಸುವರ್ಣಾಳಿಗೆ ಅಜ್ಜಿ ದುಂಡವ್ವ ನೆನಪಾಗಿದ್ದಳು. ಮದುವೆಯಲ್ಲಿ ಆಹೇರದ ದುಡ್ಡು ಕೊಡುವಾಗ ಅವಳು ನೂರರ ಮೇಲೆ ಒಂದು ಇಟ್ಟೇ ಕೊಡುತ್ತಾಳೆ. "ಮ್ಯಾಲೊಂದು ಇಟ್ರ ಪಾಲ ಆಗೂದಿಲ್ಲವ್ವಾ," ಎನ್ನುತ್ತಾಳೆ. ಹನ್ನೊಂದು ಒಡೆಯುವುದಿಲ್ಲ, ನೂರಾ ಒಂದೂ ಒಡೆಯುವುದಿಲ್ಲ. ಹಾಗಾದರೆ ಹತ್ತು ಸಾವಿರದ ಒಂದು ಎಲ್ಲಿ ಒಡೆಯುತ್ತದೆ?

ಟೀಚರ್ ಮತ್ತೇನೂ ಕೇಳಲಿಲ್ಲ. ಗೋಡೆಯ ಚಾರ್ಟಿನ ಮೇಲೆ ದಪ್ಪಗೆ ಬರೆದರು: 10,001 - ಸುವರ್ಣಾ. ಎಲ್ಲರೂ ಚಪ್ಪಾಳೆ ತಟ್ಟಿದರು.

ಊಟದ ಬಿಡುವಿನಲ್ಲಿ, ಸುವರ್ಣಾಳ ಬೆಂಚಿನ ದಾನೇಶ್ವರಿ ನೋಟ್‌ಬುಕ್ ಹಿಡಿದು ಬಂದಳು. ಅವಳ ಲೆಕ್ಕ ಎತ್ತಿನ ಗಾಡಿಯಂತೆ ಬಹಳ ನಿಧಾನ. ಹುಡುಗರು ಅವಳಿಗೆ 'ಚಕ್ಕಡಿ' ಎಂದು ಹೆಸರಿಟ್ಟಿದ್ದರು.

"ನಿನ್ನ ಸಂಖ್ಯೆ ಎಪ್ಪತ್ಮೂರರಿಂದ ಭಾಗಿಸಿದ್ರ ನೂರಾ ಮೂವತ್ತೇಳು ಬರಾಕತ್ತೈತಿ. ಏನೂ ಉಳಿವಲ್ದು. ಎಲ್ಲಿ ತಪ್ಪೇನಿ ನೋಡಲೇ ಸ್ವಲ್ಪ."

ಸುವರ್ಣಾಳ ಕಿವಿ ಬಿಸಿಯಾಯಿತು. ಅವಳು ನೋಟ್‌ಬುಕ್ಕಿನ ಕಡೆ ನೋಡಲೇ ಇಲ್ಲ.

"ಎಲ್ಲೋ ತಪ್ಪೀದಿ. ನಾ ಎಲ್ಲಾ ಮಾಡಿ ನೋಡೇನಿ."

"ಹೌದನ?" ದಾನೇಶ್ವರಿ ರಬ್ಬರಿನಿಂದ ಲೆಕ್ಕವನ್ನೆಲ್ಲ ಅಳಿಸಿದಳು. "ನನಗ ಮೊದ್ಲಿಂದ ಲೆಕ್ಕ ಬರೂದಿಲ್ಲ ಬಿಡ."

ಅವಳು ಕೈತೊಳೆಯಲು ಹೋದಳು. ಸುವರ್ಣಾ ತನ್ನ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ನೂರಾ ಮೂವತ್ತೇಳನ್ನು ಎಪ್ಪತ್ಮೂರರಿಂದ ಗುಣಿಸಿದಳು. ಕೂಡಿಸಿದಳು. ಹತ್ತು ಸಾವಿರದ ಒಂದು. ಮತ್ತೊಮ್ಮೆ ಗುಣಿಸಿದಳು. ಅಷ್ಟೇ ಬಂತು.

ಗಂಟೆ ಹೊಡೆಯಿತು. ಟೀಚರ್ ಒಳಗೆ ಬಂದಾಗ ಸುವರ್ಣಾ ಎದ್ದು ನಿಂತಳು.

"ಟೀಚರ್, ಅದು ಒಡಿತೈತ್ರಿ. ಎಪ್ಪತ್ಮೂರರಿಂದ. ದಾನೇಶ್ವರಿ ಹುಡಕ್ಯಾಳ್ರಿ. ನಾ ಹತ್ತೊಂಬತ್ತಕ್ಕ ನಿಲ್ಲಿಸಿದ್ನಿರಿ. ಅಕಿ ತೋರಿಸಾಕ ಬಂದಾಗ... ತಪ್ಪೈತಿ ಅಂದ್ನಿರಿ."

"ನೂರರ ತನಕ ನೋಡ್ಯಾಳಂತ," ಎಂದು ಹಿಂದಿನ ಬೆಂಚಿನಿಂದ ಯಲ್ಲೇಶ ನಕ್ಕ. ಇನ್ನಿಬ್ಬರು ನಕ್ಕರು.

ಟೀಚರ್ ಬೈಯಲಿಲ್ಲ. ಅದೇ ಹೆಚ್ಚು ಚುಚ್ಚಿತು. ಅವರು ಸ್ಕೆಚ್ ಪೆನ್ನನ್ನು ದಾನೇಶ್ವರಿಯ ಕಡೆ ಚಾಚಿದರು. "ಬಾರವಾ, ನೀನ ತಿದ್ದು."

ದಾನೇಶ್ವರಿ ಏಳಲಿಲ್ಲ. ಅಳಿಸಿದ ಪುಟವನ್ನು ತೆರೆದಳು. ಅಂಕಿಗಳು ಇನ್ನೂ ಮಸುಕಾಗಿ ಕಾಣುತ್ತಿದ್ದವು.

"ತಡೀರಿ ಟೀಚರ್. ಮತ್ತ ತಪ್ಪಿದ್ರ? ಇನ್ನೊಮ್ಮಿ ನೋಡ್ತೇನ್ರಿ."

ಅವಳು ಮೊದಲಿನಿಂದ ಬರೆಯತೊಡಗಿದಳು.

ಬೇಡ, ಸರಿ ಐತಿ, ನಾ ನೋಡೇನಿ ಎನ್ನಲು ಸುವರ್ಣಾ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ದಾನೇಶ್ವರಿ ಒಂದೊಂದೇ ಅಂಕಿ ಇಳಿಸಿಕೊಂಡು, ಸೊನ್ನೆ ಬರೆದು, ಕೆಳಗೆ ಗೆರೆ ಎಳೆಯುವವರೆಗೂ ಅವಳು ಪಕ್ಕದಲ್ಲಿ ನಿಂತು ಕಾದಳು.