ಮೂರನೇ ಅಳತೆ

"ಬಿಗಿಯಾಯ್ತಾ?"

"ಇಲ್ಲ, ಸರಿಯಾಗಿದೆ."

"ಸುಳ್ಳು. ಬೆರಳ ತುದಿ ಕೆಂಪಾಗಿದೆ ನೋಡಿ."

ಅವಳು ನೋಡಿದಳು. ಉಂಗುರದ ಬೆರಳಿಗೆ ಸುತ್ತಿದ್ದ ದಾರ ಚರ್ಮದಲ್ಲಿ ಹೂತು ಕೂತಿತ್ತು, ತುದಿ ನಿಜಕ್ಕೂ ಕೆಂಪೇರಿತ್ತು. ಎದುರಿಗಿದ್ದವನು ದಾರದ ಎರಡೂ ತುದಿ ಹಿಡಿದುಕೊಂಡೇ ಅವಳ ಮುಖ ನೋಡುತ್ತಿದ್ದ. ಪರಿಚಯವಾಗಿ ಐದು ನಿಮಿಷವೂ ಆಗಿರಲಿಲ್ಲ... ಅಷ್ಟರಲ್ಲೇ ಸುಳ್ಳು ಹಿಡಿದುಬಿಟ್ಟಿದ್ದ!

"ನೋವಾದ್ರೆ ಹೇಳ್ಬೇಕು. ದಾರ ನಂದು, ಬೆರಳು ನಿಮ್ಮದು" ಎಂದು ಗಂಟು ಸಡಿಲಿಸಿದ.

ಬೆರಳು ನಿಮ್ಮದು... ಇಪ್ಪತ್ತೆಂಟು ವರ್ಷದಲ್ಲಿ ಇಂಥ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅಮ್ಮ ತೀರಿಕೊಂಡಾಗ ಅವಳಿಗೆ ಎಂಟು ವರ್ಷ, ಅಕ್ಕನಿಗೆ ಹತ್ತೊಂಬತ್ತು. ಅಕ್ಕ ತನ್ನ ಓದನ್ನೂ ಮದುವೆಯನ್ನೂ ಮುಂದಕ್ಕೆ ಹಾಕಿ ತಂಗಿಯನ್ನು ಸಾಕಿದಳು. ಅಂಥ ಅಕ್ಕ "ಈ ಬಣ್ಣ ಒಪ್ಪುತ್ತೆ" ಎಂದರೆ ಹೂಂ, "ಈ ಕೋರ್ಸಿಗೆ ಸೇರು" ಎಂದರೆ ಹೂಂ. ಭಾವ ಅವಳಿಗೆ 'ಹೂಂಗುಟ್ಟಮ್ಮ' ಎಂದು ಹೆಸರಿಟ್ಟಿದ್ದ. ಕಥೆ ಹೇಳುವವರಿಗೆ ಇಂಥವರೊಬ್ಬರು ಪಕ್ಕದಲ್ಲಿದ್ದರೆ ಸಾಕು ಎಂದು ನಗುತ್ತಿದ್ದ.

ಮದುವೆಯ ಮಾತಿಗೂ ಹೂಂ ಎಂದಾಗಿತ್ತು. ಗಂಡು ಒಳ್ಳೆಯವನೇ, ಅದೇ ದೊಡ್ಡ ತೊಂದರೆ. ಕುಡಿಯುವವನಲ್ಲ, ರೇಗುವವನಲ್ಲ, ಬೇಡ ಎನ್ನಲು ಒಂದು ನೆಪವನ್ನೂ ಉಳಿಸಿರಲಿಲ್ಲ. ಸದಾ ಫೋನಿನಲ್ಲಿರುತ್ತಿದ್ದ, ಅಷ್ಟೇ.

ಎರಡೂ ಮನೆಯವರು ಒಟ್ಟಿಗೆ ನಾಲ್ಕು ದಿನ ಇದ್ದರೆ ಪರಿಚಯ ಬೆಳೆಯುತ್ತದೆ ಎಂದು ಅಕ್ಕನೇ ಈ ಚಳಿಯ ಊರಿನ ಪ್ರವಾಸ ಹೂಡಿದ್ದಳು. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಒಂದು ಕಿಟಕಿ ಅಕ್ಕನಿಗೆ, ಇನ್ನೊಂದು ಭಾವೀ ಅತ್ತೆಗೆ, ನಡುವೆ ಮಂಡಿ ಕೂಡಿಸಿಕೊಂಡು ಅವಳು. ಬೆಟ್ಟ ಬಂತು ಎಂದರು, ಕೆರೆ ಬಂತು ಎಂದರು. ಅವಳಿಗೆ ಕಂಡದ್ದು ಮುಂದಿನ ಸೀಟಿನಲ್ಲಿದ್ದವನ ಕಿವಿ ಮತ್ತು ಕಿವಿಗಂಟಿದ ಫೋನು. ಉಸಿರಾಡಲು ಗಾಳಿ ಸಾಲದು ಅನಿಸುತ್ತಿತ್ತು. ಹೇಳಲಿಲ್ಲ.

ಭಾನುವಾರ ಮಧ್ಯಾಹ್ನ ಅತಿಥಿಗೃಹದಲ್ಲೇ ನಿಶ್ಚಿತಾರ್ಥ. ಹುಡುಗ ಹುಡುಗಿ ತಾವೇ ಮಾಡಿದ ಬೆಳ್ಳಿ ಉಂಗುರ ಒಬ್ಬರಿಗೊಬ್ಬರು ತೊಡಿಸಬೇಕೆಂಬುದು ಅಕ್ಕನ ಆಸೆ. ಅದಕ್ಕೇ ಈ ಮೂರು ದಿನದ ತರಬೇತಿ. ವರಮಹಾಶಯ ಮೊದಲ ದಿನವೇ ಬಾಗಿಲ ತನಕ ಬಂದು, ತುರ್ತು ಕೆಲಸ, ನಾನು ಮಾಡಬೇಕಾದ ಉಂಗುರವನ್ನು ನೀವೇ ಮಾಡಿಬಿಡಿ ಎಂದು ಕಲಿಸುವವನಿಗೇ ಹೇಳಿ ಹೊರಟುಹೋಗಿದ್ದ.

ಆ ಬೀದಿಯವರೆಲ್ಲ ಅವನನ್ನು 'ಬೆಳ್ಳಿ ಮೇಷ್ಟ್ರು' ಎನ್ನುತ್ತಿದ್ದರು. ಬೆಳ್ಳಿ ಅಂದರೆ ಕೂದಲಿರಬೇಕು ಅಂದುಕೊಂಡು ಬಂದಿದ್ದಳು ಅವಳು. ನೋಡಿದರೆ ಮೂವತ್ತೆರಡರ ಗಂಡಸು! ಏಳು ಮೆಟ್ಟಿಲಿಳಿದರೆ ಅವನ ಕೆಲಸದ ಕೋಣೆ. ಬೀದಿಯ ಮಟ್ಟದಲ್ಲಿ ಒಂದೇ ಕಿಟಕಿ, ಅದರಲ್ಲಿ ದಾರಿಹೋಕರ ಚಪ್ಪಲಿ, ಬೂಟುಗಳಷ್ಟೇ ಕಾಣುತ್ತಿದ್ದವು. ಮೇಜಿನ ಕೆಳಗೆ ಬೆಳ್ಳಿಯ ಪುಡಿ ಬೀಳದಂತೆ ಚರ್ಮದ ಜೋಳಿಗೆ ಕಟ್ಟಿತ್ತು. ನೆಲದಡಿಯ ಆ ಕೋಣೆಯಲ್ಲಿ ಅವಳಿಗೆ ಸಲೀಸಾಗಿ ಉಸಿರಾಡಲು ಆದದ್ದೇ ಆಶ್ಚರ್ಯ.

ಬೆರಳನ್ನು ಮೂರು ಸಲ ಅಳೆಯುವುದು ಅವನ ಪದ್ಧತಿ. ಬೆಳಗಿನ ಚಳಿಗೆ ಬೆರಳು ಕುಗ್ಗಿರುತ್ತದೆ, ಊಟದ ಮೇಲೆ ಹಿಗ್ಗುತ್ತದೆ. ಈ ಎರಡು ಅಳತೆ ಮೊದಲ ದಿನ. ಮೂರನೆಯದು ಮರುದಿನ ಸಂಜೆ, ಕೈ ಕೆಲಸ ಮಾಡಿ ದಣಿದ ಮೇಲೆ. ಮೂರೂ ಆಗದೆ ಉಂಗುರದ ತುದಿಗಳು ಕೂಡುವ ಬಾಯಿಗೆ ಬೆಸುಗೆ ಹಾಕುವುದಿಲ್ಲ ಎಂದ.

ಅವಳ ಕೈ ನೋಡಿ ಅವನಿಗೂ ಆಶ್ಚರ್ಯವಾಯಿತು. ಗರಗಸ ಹಿಡಿದ ರೀತಿ, ಬೆಂಕಿಗೆ ಹೆದರದ ರೀತಿ... ಕೇಳಿದ್ದಕ್ಕೆ, ತಾನು ಲ್ಯಾಬ್‌ನಲ್ಲಿ ಕೃತಕ ಹಲ್ಲು ಮಾಡುವವಳು, ಕೂದಲೆಳೆಯಷ್ಟು ಹೆಚ್ಚಾದರೂ ಜಗಿಯುವವರು ಬಂದು ಜಗಳವಾಡುತ್ತಾರೆ ಎಂದಳು. ಅಷ್ಟು ಹೇಳಿ ಸುಮ್ಮನಾದಳು.

"ಯಾಕೆ ನಿಲ್ಲಿಸಿದ್ರಿ?"

"ಮಾತು ಬೆಳ್ಳಿ, ಮೌನ ಬಂಗಾರ ಅಂತಾಳೆ ನಮ್ಮಕ್ಕ."

"ಇಲ್ಲಿ ಬಂಗಾರದ ಕೆಲಸ ಇಲ್ಲ ಕಣ್ರೀ. ಬರೀ ಬೆಳ್ಳಿ. ಮಾತಾಡಿ."

ಅವಳು ನಕ್ಕಳು. ಆಮೇಲೆ ಮಾತಾಡಿದಳು. ಹಲ್ಲಿಲ್ಲದ ಅಜ್ಜಂದಿರ ಕಥೆ, ಹಲ್ಲು ಕಟ್ಟಿಸಿಕೊಂಡು ಬಂದು ಕನ್ನಡಿ ಕೇಳುವ ಅಜ್ಜಿಯರ ಕಥೆ. ತಾನು ಇಷ್ಟೊಂದು ಮಾತಾಡಬಲ್ಲೆ ಎಂಬುದು ಅವಳಿಗೇ ಗೊತ್ತಿರಲಿಲ್ಲ! ಅವನು ಬೆಳ್ಳಿಗೆ ಅರ ಉಜ್ಜುತ್ತಾ ಕೇಳಿದ. ಈ ಸಲ ಹೂಂಗುಟ್ಟುವ ಸರದಿ ಅವನದಾಗಿತ್ತು.

ಎರಡನೆಯ ದಿನ ಸಂಜೆ ಅವನು ದಾರ ತೆಗೆದುಕೊಂಡು ಎದುರಿಗೆ ಕೂತ. ಅಳೆಯಲಿಲ್ಲ. ದಾರವನ್ನು ತನ್ನ ಬೆರಳಿಗೇ ಸುತ್ತುತ್ತಾ, ಬಿಚ್ಚುತ್ತಾ ಕೇಳಿದ.

"ಈ ಮದುವೆ... ನಿಮಗೆ ಇಷ್ಟ ತಾನೆ?"

ಇಲ್ಲ ಎಂದು ಅವಳ ಗಂಟಲ ತನಕ ಬಂತು. ಅಷ್ಟರಲ್ಲಿ ಮೇಲೆ ಬೀದಿಯಲ್ಲಿ ಕಾರಿನ ಹಾರ್ನು. ಒಂದು ಸಲ... ಎರಡು ಸಲ... ಅಕ್ಕನಿಗೆ ಕಾಯುವುದು ಆಗದು.

"ಹೂಂ" ಎಂದಳು, ಇಪ್ಪತ್ತು ವರ್ಷದ ಅಭ್ಯಾಸದಲ್ಲಿ. ಮೂರನೇ ಅಳತೆ ಹಾಗೇ ಉಳಿಯಿತು.

ಕಾರಿನಲ್ಲಿ ಇಬ್ಬರ ನಡುವೆ ಸಿಕ್ಕಿಕೊಂಡು ಕೂತು ಅವಳು ತನ್ನನ್ನೇ ಬೈದುಕೊಂಡಳು. 'ಬೆರಳಿನ ಸುಳ್ಳು ಹಿಡಿದವನಿಗೆ ಈ ಸುಳ್ಳು ತಿಳಿಯಲಿಲ್ವಾ? ಅಥವಾ ತಿಳಿದೂ ಸುಮ್ಮನಾದ್ನಾ?'

ಮೂರನೆಯ ದಿನ, ಶನಿವಾರ, ಮೇಷ್ಟ್ರು ಬೇರೆ ಮನುಷ್ಯನಾಗಿದ್ದ. ಇಕ್ಕಳ ಕೊಡಿ, ಬೆಂಕಿ ತಗ್ಗಿಸಿ... ಕೆಲಸಕ್ಕೆ ಬೇಕಾದಷ್ಟೇ ಮಾತು. ಅವಳ ಮದುವೆಯ ದಾರಿಗೆ ತಾನು ಅಡ್ಡ ನಿಲ್ಲಬಾರದು ಎಂದು ಅವನು ನಿರ್ಧರಿಸಿದ್ದು ಅವಳಿಗೆ ಹೇಗೆ ಗೊತ್ತಾಗಬೇಕು? 'ಇವನಿಗೆ ನಾನು ಬಂದು ಹೋಗೋ ಹತ್ತು ಜನರಲ್ಲಿ ಒಬ್ಬಳು' ಎಂದುಕೊಂಡು ಸುತ್ತಿಗೆ ಎತ್ತಿದಳು.

ವರನಿಗೆಂದು ಅವಳು ಮಾಡಿದ ಉಂಗುರ ಬೆಸುಗೆಯಾಗಿ ಸಿದ್ಧವಿತ್ತು, ಸ್ವಲ್ಪ ಹಿಗ್ಗಿಸುವುದಷ್ಟೇ ಬಾಕಿ. ಬೆಳ್ಳಿ ಬಡಿದರೆ ಹಿಗ್ಗುತ್ತದೆ, ಕುಗ್ಗಿಸಬೇಕಾದರೆ ಕತ್ತರಿಸಲೇಬೇಕು. ಅಳತೆಯ ಕಬ್ಬಿಣದ ಕೋಲಿಗೆ ಗೆಣ್ಣು ಇಲ್ಲವಾದ್ದರಿಂದ ಉಂಗುರವನ್ನು ಜೀವಂತ ಬೆರಳಿಗೇ ತೊಡಿಸಿ ನೋಡಬೇಕು. ವರ ಬಂದಿರಲಿಲ್ಲ, ಅವನ ಅಳತೆಯ ಸಂಖ್ಯೆ ಮಾತ್ರ ಫೋನಿನಲ್ಲಿ ಬಂದಿತ್ತು, ಅದನ್ನೇ ನಂಬಿ ಬೆಸುಗೆ ಹಾಕಿದ್ದಾಗಿತ್ತು. ಮೇಷ್ಟ್ರು ತನ್ನ ಬೆರಳನ್ನೇ ಮುಂದೆ ಚಾಚಿ, ತನ್ನದು ಆ ಕೋಲಿನ ಮೇಲೆ ಎರಡು ಗೆರೆ ದಪ್ಪ, ಹಾಗಾಗಿ ಉಂಗುರ ತನ್ನ ಗೆಣ್ಣಿನ ಹತ್ತಿರ ನಿಂತರೆ ವರನಿಗೆ ಸರಿ, ಗೆಣ್ಣು ದಾಟಬಾರದು ಎಂದು ಒತ್ತಿ ಹೇಳಿದ.

ಅವಳು ಬಡಿದಳು. ತೊಡಿಸಿದಳು. ಉಂಗುರ ಗೆಣ್ಣಿಗಿಂತ ಮೊದಲೇ ನಿಂತಿತು. ಮತ್ತೆ ಬಡಿದಳು. ಈಗ ಸರಿಯಾಗಿ ಗೆಣ್ಣಿನ ಹತ್ತಿರ ನಿಂತಿತು. ಅಲ್ಲಿಗೆ ಸಾಕಿತ್ತು. ಕೂದಲೆಳೆಯ ಲೆಕ್ಕ ಬಲ್ಲವಳಿಗೆ ಅದು ಗೊತ್ತಿರಲಿಲ್ಲವೇ?

ಗೊತ್ತಿತ್ತು... ಆದರೂ ಕೈ ನಿಲ್ಲಲಿಲ್ಲ. ಮತ್ತೆ ಬಡಿದಳು. ಮತ್ತೆ... ಇನ್ನೂ ಎರಡು ಏಟು... ಆಮೇಲೆ ಅವನ ಕೈ ಹಿಡಿದು ತೊಡಿಸಿದಾಗ ಉಂಗುರ ಗೆಣ್ಣು ದಾಟಿ, ಬೆರಳ ಬುಡಕ್ಕೆ ಹೋಗಿ ಕೂತಿತು.

ಇಬ್ಬರೂ ಅದನ್ನೇ ನೋಡಿದರು. ಕಿಟಕಿಯಾಚೆ ಯಾರದೋ ಬೂಟು ನಡೆದುಹೋಯಿತು.

"ಹೆಚ್ಚಾಯ್ತು" ಎಂದ ಅವನು ಕೊನೆಗೆ. ಉಂಗುರ ತೆಗೆದು ಗರಗಸದ ಪಕ್ಕ ಇಟ್ಟ. "ಕತ್ತರಿಸಿ ಸಣ್ಣದು ಮಾಡ್ಕೊಳ್ಳಿ. ಹತ್ತು ನಿಮಿಷದ ಕೆಲಸ."

ಹತ್ತು ನಿಮಿಷದ ಕೆಲಸ! ಅವಳ ಕಣ್ಣು ತುಂಬಿತು. ತನ್ನ ಎದೆಯಲ್ಲಿದ್ದದ್ದನ್ನು ಬಡಿದು ಬಡಿದು ಅವನ ಬೆರಳಿಗೆ ತೊಡಿಸಿದ್ದಳು, ಅವನು ಗರಗಸ ತೋರಿಸುತ್ತಿದ್ದ. ಉಗುಳಲೂ ಆಗದ, ನುಂಗಲೂ ಆಗದ ಬಿಸಿತುಪ್ಪ.

"ಬೇಡ. ಹೀಗೇ ಇರ್ಲಿ" ಎಂದಳು.

ಬೇಡ ಎಂದದ್ದು ತನ್ನ ಬಾಯೇ ಎಂದು ಅವಳಿಗೆ ಮೆಟ್ಟಿಲು ಹತ್ತುವಾಗ ಹೊಳೆಯಿತು. ಕೈಯಲ್ಲಿ ಎರಡು ಪುಟ್ಟ ಡಬ್ಬಿಗಳಿದ್ದವು. ಒಂದರಲ್ಲಿ ಅವಳು ಮಾಡಿದ ಉಂಗುರ, ಇನ್ನೊಂದರಲ್ಲಿ ವರನ ಬದಲು ಮೇಷ್ಟ್ರು ಮಾಡಿದ ಉಂಗುರ. ಅದನ್ನು ಕೊಡುವಾಗ ಅವನು ಮುಖ ಎತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಅತಿಥಿಗೃಹದ ಹಜಾರದಲ್ಲಿ ಎರಡೂ ಮನೆಯವರು ಸೇರಿದರು. ಅಕ್ಕ ಬೆಳಗಿನಿಂದ ಕುರ್ಚಿಗಳನ್ನು ನಾಲ್ಕು ಸಲ ಸರಿಸಿದ್ದಳು. ವರ ಫೋನನ್ನು ಮಗುಚಿಟ್ಟು ಕೈ ಚಾಚಿದ. ಅವಳು ತೊಡಿಸಿದ ಉಂಗುರ ಸರ್ರನೆ ಇಳಿದು, ಅವನು ಕೈ ತಗ್ಗಿಸಿದ ಕೂಡಲೇ ಜಾರಿ, ಸೋಫಾದ ಕೆಳಗೆ ಉರುಳಿತು. ಭಾವ ಹೊಟ್ಟೆ ಸಮೇತ ನೆಲಕ್ಕೆ ಬಗ್ಗಿ ಹುಡುಕತೊಡಗಿದ.

ಅಕ್ಕ ನಗುತ್ತಾ ಇನ್ನೊಂದು ಡಬ್ಬಿ ತೆರೆದಳು. ಅವಳ ನಗು ಅಲ್ಲೇ ನಿಂತಿತು. ಉಂಗುರದ ಎರಡು ತುದಿ ಕೂಡಿರಲೇ ಇಲ್ಲ! ನಡುವೆ ತೆಳ್ಳನೆಯ ಸಂದು. ಅರೆಬರೆ ಕೆಲಸ ಮಾಡಿ ಕೊಟ್ಟಿದ್ದಾನೆ, ಇವತ್ತೇ ಹೋಗಿ ಕೇಳುತ್ತೇನೆ ಎಂದು ಅಕ್ಕ ರೇಗಿದಳು. ಡಬ್ಬಿಯ ತಳದಲ್ಲೊಂದು ಚೀಟಿಯಿತ್ತು. ತಂಗಿ ಅದನ್ನು ತೆಗೆದು ಓದಿದಳು.

'ಮೂರನೇ ಅಳತೆ ಆಗಿಲ್ಲ, ಆದ್ದರಿಂದ ಬೆಸುಗೆ ಹಾಕಿಲ್ಲ. ಬಿಗಿಯಾದರೆ ಅಗಲಿಸಿಕೊಳ್ಳಿ. ಬೆರಳು ನಿಮ್ಮದು.'

ಅವಳು ಅದನ್ನು ಎರಡು ಸಲ ಓದಿದಳು. ಸುಳ್ಳು ಅವನಿಗೆ ತಿಳಿದಿತ್ತು! ತಿಳಿದೂ ಅವನು ತನ್ನ ಕಡೆಗೆ ಎಳೆದಿರಲಿಲ್ಲ, ಬಾಗಿಲು ತೆರೆದಿಟ್ಟು ದೂರ ನಿಂತಿದ್ದ. ನಡೆಯಬೇಕಾದವಳು ತಾನೇ.

"ಅಕ್ಕಾ... ಬಿಗಿಯಾಗ್ತಿದೆ."

"ಇನ್ನೂ ಹಾಕೇ ಇಲ್ವಲ್ಲೇ!"

"ಉಂಗುರ ಅಲ್ಲಕ್ಕ. ಈ ಮದುವೆ. ನಂಗೆ ಬೇಡ."

ಭಾವ ಸೋಫಾದ ಕೆಳಗಿಂದ ತಲೆಯೆತ್ತಲಿಲ್ಲ. ಭಾವೀ ಅತ್ತೆ ಎದ್ದು ಒಳಗೆ ಹೋದರು. ವರ ಬಹಳ ಹೊತ್ತು ತನ್ನ ಖಾಲಿ ಬೆರಳು ನೋಡಿದ. ಆಮೇಲೆ, ಮೂರು ದಿನದಲ್ಲಿ ಒಂದು ಗಂಟೆ ಕೂತು ಉಂಗುರ ಮಾಡಲು ಆಗದವನಿಗೆ ದೂರುವ ಹಕ್ಕಿಲ್ಲ ಎಂದು ಮೆಲ್ಲಗೆ ಹೇಳಿ ತಾಯಿಯ ಹಿಂದೆ ಹೋದ. ಒಳ್ಳೆಯವನು ಎಂದೆನಲ್ಲ, ಕೊನೆಯವರೆಗೂ ಒಳ್ಳೆಯವನೇ. ಅವನಿಗೆ ನೋವಾಯಿತು, ಅದು ಅವಳಿಗೂ ಕಂಡಿತು.

ಅಕ್ಕ ಕುರ್ಚಿಯಲ್ಲಿ ಕುಸಿದಳು. "ಪ್ರತಿ ಸಲ ನಿನ್ನ ಕೇಳಿದ್ದೀನಲ್ಲೇ. ಹೂಂ ಅಂದೆಯಲ್ಲ. ನಾನು ನಿನ್ನ ಕಟ್ಟಿಹಾಕಿದ್ನಾ?"

"ಇಲ್ಲಕ್ಕ, ನಾನೇ ಕಟ್ಟಿಸಿಕೊಂಡೆ. ನಿನಗೆ ನೋವಾಗುತ್ತೆ ಅಂತ ನನ್ನ ನೋವು ಹೇಳ್ಲಿಲ್ಲ." ಅವಳು ಅಕ್ಕನ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಕ್ಕನ ಕೈ ತಂಗಿಯ ತಲೆ ಸವರುವುದನ್ನು ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಬೀಗರಾಗಬೇಕಿದ್ದವರು ಬೇರೆ ಕಾರಿನಲ್ಲಿ ಹೊರಟುಹೋದರು. ಅಕ್ಕ ತಂಗಿಯ ಚೀಲವನ್ನು ಹಿಂದಿನ ಸೀಟಿನ ಕಿಟಕಿಯ ಪಕ್ಕ ಇಟ್ಟಳು. ಭಾವ ಸೋಫಾದಡಿ ಸಿಕ್ಕ ಉಂಗುರವನ್ನು ನಾದಿನಿಯ ಅಂಗೈಗೆ ಹಾಕಿ, ಇದು ಯಾರ ಅಳತೆಯೋ ಏನೋ ಎಂದು ಕಣ್ಣು ಮಿಟುಕಿಸಿದ.

ಅಕ್ಕ ಮುಖ ಬೇರೆ ಕಡೆ ತಿರುಗಿಸಿಕೊಂಡೇ ಹೇಳಿದಳು. "ಹೊರಡೋಕೆ ಇನ್ನೂ ಟೈಮಿದೆ. ಎಲ್ಲಿಗೋ ಹೋಗೋದಿದ್ರೆ ಹೋಗ್ಬಾ. ಹಾರ್ನ್ ಹೊಡೆಯಲ್ಲ."

ಏಳು ಮೆಟ್ಟಿಲು ಇಳಿಯುವ ಮೊದಲೇ ಅವಳ ಚಪ್ಪಲಿ ಅವನಿಗೆ ಕಿಟಕಿಯಲ್ಲಿ ಕಂಡಿತು. ಆ ಚಪ್ಪಲಿಯ ಗುರುತು ಅವನಿಗೆ ಚೆನ್ನಾಗಿತ್ತು. ಬಾಗಿಲು ತೆರೆದು ನಿಂತ. ಕಣ್ಣು ನೋಡಿದರೆ ನಿದ್ದೆ ಮಾಡಿದವನಂತಿರಲಿಲ್ಲ.

"ಮೂರನೇ ಅಳತೆ ಬಾಕಿ ಇದೆ" ಎಂದಳು.

ಅವನ ದೃಷ್ಟಿ ಅವಳ ಬರಿ ಬೆರಳಿನ ಮೇಲೆ ನಿಂತಿತು. ಒಳಗೆ ಹೋಗಿ ದಾರ ತಂದ. ಮೊದಲ ಗಂಟು ಸರಿಯಾಗಿ ಬೀಳಲಿಲ್ಲ, ಬಿಚ್ಚಿ ಮತ್ತೆ ಹಾಕಿದ.

"ಬಿಗಿಯಾಯ್ತಾ?"

"ಹೌದು, ಸ್ವಲ್ಪ ಬಿಗಿ. ಸಡಿಲ ಮಾಡಿ."

ಅವನು ಸಡಿಲಿಸಿದ. ಅವಳ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು.

"ಈಗ ಸರಿ" ಎಂದಳು. "ಮೊನ್ನೆ ನೀವು ಕೇಳಿದ್ದಕ್ಕೆ ನಾನು ಸುಳ್ಳು ಹೇಳ್ದೆ. ನನಗೆ ಇಷ್ಟ ಆಗಿದ್ದು ನೀವು."

ಅವನು ಎಡಗೈ ಚಾಚಿದ. ಅವಳು ಮುಷ್ಟಿ ತೆರೆದು ಉಂಗುರ ತೊಡಿಸಿದಳು. ಗೆಣ್ಣು ದಾಟಿ ಅದು ತನ್ನ ಜಾಗದಲ್ಲಿ ಕೂತಿತು.

"ಕತ್ತರಿಸಿ ಅಂದೆ ನೋಡಿ... ಆಮೇಲೆ ಆ ಗರಗಸ ಮುಟ್ಟೋಕೇ ಆಗ್ಲಿಲ್ಲ ನಂಗೆ" ಎಂದ. ಆಮೇಲೆ ಅವಳು ಡಬ್ಬಿಯಿಂದ ತೆಗೆದುಕೊಟ್ಟ, ತುದಿ ಕೂಡದ ಉಂಗುರವನ್ನು ಬೆಳಕಿಗೆ ಹಿಡಿದು ಕೇಳಿದ. "ಇದಕ್ಕೆ ಬೆಸುಗೆ ಹಾಕ್ಲಾ?"

ಅವಳು ಯೋಚಿಸಿದಳು. ಯಾರ ಮುಖವನ್ನೂ ನೋಡದೆ, ನಿಧಾನವಾಗಿ, ತನ್ನದೇ ಮನಸ್ಸನ್ನು ಕೇಳಿಕೊಂಡಳು.

"ಈಗಲೇ ಬೇಡ. ಮುಂದಿನ ತಿಂಗಳು ರಜೆ ಹಾಕಿ ಬರ್ತೀನಿ. ಆಗ ಮತ್ತೆ ಕೇಳಿ."

"ಆಗಲೂ ಬೇಡ ಅಂದ್ರೆ?"

"ಮತ್ತೆ ಅಳತೆ ತಗೊಳ್ಳಿ" ಎಂದಳು ಅವಳು, ಕೈಯನ್ನು ಅವನ ಕೈಯಲ್ಲೇ ಬಿಟ್ಟು.