ಐವತ್ತನೇ ಗುಂಡು

ಗುಂಡಿನ ಸದ್ದು ಬರಬಾರದ ಕಡೆಯಿಂದ ಬಂತು.

ನೆಲಮಾಳಿಗೆಯ ಆ ಶೂಟಿಂಗ್ ಕ್ಲಬ್ಬಿನಲ್ಲಿ ಗುಂಡು ಹಾರಿಸುವ ಜಾಗ ಒಂದೇ, ಕೌಂಟರಿನ ಗಾಜಿನಾಚೆಗಿನ ಆರು ಲೇನುಗಳು. ಈ ಸದ್ದು ಬಂದದ್ದು ಬೆನ್ನ ಹಿಂದಿನಿಂದ. ಪಿಸ್ತೂಲು ಬಿಚ್ಚಿ ಒರೆಸುವ ಕೋಣೆಯಿಂದ.

ಕ್ಲಬ್ಬಿನ ಸುರಕ್ಷತಾ ಅಧಿಕಾರಿ ಕೆಂಪು ಗುಂಡಿ ಒತ್ತಿದಳು. ಲೇನುಗಳ ಮೇಲೆ ಕೆಂಪು ದೀಪ ಹತ್ತಿತು. ಕಿವಿಯ ಮೇಲಿನ, ಸದ್ದು ತಡೆಯುವ ಮಫ್ ಕಿತ್ತು ಕುತ್ತಿಗೆಗೆ ಇಳಿಸಿಕೊಂಡು ಓಡಿದಳು.

ಕೋಚ್ ಕುರ್ಚಿಯಲ್ಲೇ ಒರಗಿದ್ದರು. ಎದೆಯ ಮೇಲೆ ಅಂಗಿಗುಂಡಿಯಷ್ಟು ತೂತು. ಬಲಗೈಯಲ್ಲಿ ಅವರದೇ ಪಿಸ್ತೂಲು. ಮೇಜಿನ ಮೇಲೆ ಎಣ್ಣೆ, ಬ್ರಷ್ಷು, ಚಿಂದಿಬಟ್ಟೆ. ಅವರೆದುರು, ಬಾಗಿಲಿಗೆ ಬೆನ್ನು ಹಾಕಿ, ಕ್ಲಬ್ಬಿನ ಹಳೆಯ ಸದಸ್ಯರಾದ ಹಲ್ಲಿನ ಡಾಕ್ಟರು ನಿಂತಿದ್ದರು.

"ಏನಾಯ್ತು?" ಅವಳ ಗಂಟಲಿಂದ ಹೊರಟದ್ದು ಬರೀ ಉಸಿರು.

ಡಾಕ್ಟರು ತಟ್ಟನೆ ತಿರುಗಿದರು. "ಬಿಚ್ಚಬೇಕಾದ್ರೆ ಟ್ರಿಗರ್ ಒತ್ತಲೇಬೇಕಲ್ಲ ಅಕ್ಕಾ, ಒತ್ತಿದ್ರು. ಹಾರಿಬಿಡ್ತು. ಒಳಗೆ ಗುಂಡಿತ್ತು!"

ಒಳಗೆ ಗುಂಡಿತ್ತು. ಹತ್ತು ನಿಮಿಷದ ಹಿಂದೆ ಅದೇ ಪಿಸ್ತೂಲನ್ನು ನೋಡಿ, ಖಾಲಿ ಎಂದು ಸಹಿ ಹಾಕಿದವಳು ಅವಳೇ.

* * *

ಕ್ಲಬ್ಬಿನಲ್ಲಿ ಅವಳನ್ನು ಕರೆಯುತ್ತಿದ್ದುದು ಚೆಕಿಂಗಕ್ಕ ಎಂದು. ಹಾಕಿದ ಬೀಗವನ್ನು ಎರಡು ಸಲ ಎಳೆದು ನೋಡುವ ಹೆಂಗಸು. "ನಮ್ಮಕ್ಕ ಮದುವೆ ದಿನ ಗಂಡಿನ ಬಾಯಿ ತೆಗೆಸಿ ಚೇಂಬರ್ ಖಾಲಿ ಇದ್ಯಾ ಅಂತ ನೋಡಿದ್ಲಂತೆ" ಎಂದು ಕೋಚ್ ಹೊಸಬರಿಗೆಲ್ಲ ಹೇಳಿ ನಗುತ್ತಿದ್ದರು.

ಲೇನಿನಿಂದ ಹೊರಬರುವ ಯಾವ ಪಿಸ್ತೂಲೂ ಅವಳ ಕೈ ತಪ್ಪಿಸುವಂತಿರಲಿಲ್ಲ. ಮ್ಯಾಗಝೀನ್ ತೆಗೆಯಬೇಕು. ಗುಂಡು ಕೂರುವ ಚೇಂಬರಿನೊಳಗೆ ಬೆಳಕು ಬಿಟ್ಟು ನೋಡಬೇಕು. ಆಮೇಲೆ ಕಿರುಬೆರಳು ಹಾಕಿ ಮುಟ್ಟಿ ನೋಡಬೇಕು. ಕಣ್ಣು ಮೋಸ ಹೋದರೂ ಬೆರಳು ಹೋಗುವುದಿಲ್ಲ. ಕೊನೆಗೆ ಖಾಲಿ ಎಂಬ ಗುರುತಿಗೆ ಹಿಡಿಗೆ ಹಳದಿ ಪಟ್ಟಿ ಕಟ್ಟಿ, ಪುಸ್ತಕದಲ್ಲಿ ಸಹಿ.

ಹತ್ತು ಗಂಟೆ ಹತ್ತು ನಿಮಿಷ. ಕೋಚ್ ಪಿಸ್ತೂಲು. ಖಾಲಿ. ಸಹಿ.

ಬೆರಳು ಹಾಕಿದ್ದೆನೇ? ಹಾಕಿರಲೇಬೇಕು. ದಿನಕ್ಕೆ ನಲವತ್ತು ಸಲ ಹಾಕುವ ಬೆರಳು. ಆದರೆ ನಲವತ್ತರಲ್ಲಿ ಈ ಒಂದು ಸಲದ ನೆನಪು ಮಾತ್ರ ಪ್ರತ್ಯೇಕವಾಗಿ ಕೈಗೆ ಸಿಗಲಿಲ್ಲ.

ಇನ್‌ಸ್ಪೆಕ್ಟರ್ ಬಂದವರೇ ಮೆಟ್ಟಿಲ ಬುಡದ ಉಕ್ಕಿನ ಬಾಗಿಲು ಹಾಕಿಸಿದರು. "ಎಲ್ಲ ಪಿಸ್ತೂಲು, ಎಲ್ಲ ಗುಂಡು ಲೆಕ್ಕ ಆಗೋವರೆಗೆ ಒಂದು ಇರುವೆನೂ ಹೊರಗೆ ಹೋಗಬಾರದು. ಆ ಫ್ಯಾನ್ ಆರಿಸ್ರಿ, ಕಾಗದ ಎಲ್ಲ ಹಾರ್ತಿದೆ."

ದೊಡ್ಡ ಫ್ಯಾನು ನಿಂತಿತು. ಕಿಟಕಿಯಿಲ್ಲದ ಜಾಗ. ಸುಟ್ಟ ಮದ್ದಿನ ವಾಸನೆ ಅಲ್ಲೇ ತೂಗಿತು. ಒಳಗೆ ಉಳಿದ ಸಾಕ್ಷಿಗಳು ಮೂವರು. ಚೆಕಿಂಗಕ್ಕ, ಬೆಳಿಗ್ಗೆ ಎರಡನೇ ಲೇನಿನಲ್ಲಿದ್ದ ಹಲ್ಲಿನ ಡಾಕ್ಟರು, ಮೂರನೇ ಲೇನಿನಲ್ಲಿ ಅಭ್ಯಾಸ ಮಾಡುತ್ತಿದ್ದ ಡ್ರಾಯಿಂಗ್ ಟೀಚರು.

"ಕೈಗೆ ಮದ್ದು ಹತ್ತಿದೆಯಾ ಅಂತ ಪರೀಕ್ಷೆ ಮಾಡಿಸೋಣ್ವಾ ಸಾರ್?" ಕಾನ್‌ಸ್ಟೆಬಲ್ ಕೇಳಿದ.

"ಇಲ್ಲಿ ಎಲ್ಲರ ಕೈಗೂ ಹತ್ತಿರುತ್ತೆ ಕಣಯ್ಯಾ. ಹೋಟೆಲಲ್ಲಿ ಯಾರ ಕೈ ಎಣ್ಣೆಜಿಡ್ಡು ಅಂತ ಹುಡುಕಿದ ಹಾಗಾಗುತ್ತೆ."

* * *

ಲೆಕ್ಕದಲ್ಲಿ ಒಂದು ಕಡಿಮೆ ಬಂತು. ಟೀಚರಿಗೆ ಬೆಳಿಗ್ಗೆ ಕೊಟ್ಟದ್ದು ಐವತ್ತು ಗುಂಡು. ಲೇನಿನಲ್ಲಿ ಸಿಕ್ಕ ಖಾಲಿ ಚಿಪ್ಪು ನಲವತ್ತೊಂಬತ್ತು. ಐವತ್ತನೆಯದು ಒರೆಸುವ ಕೋಣೆಯ ಮೇಜಿನಡಿ ಬಿದ್ದಿತ್ತು. ಅದೇ ಅಳತೆ, ಅದೇ ಮುದ್ರೆ.

"ಟೀಚರಮ್ಮಾ, ಹೋದ ವಾರ ಕೋಚ್ ನಿಮ್ಮನ್ನ ತಂಡದಿಂದ ತೆಗೆದ್ರಂತೆ. ಜಗಳ ಆಯ್ತಂತೆ."

"ಆಯ್ತು. ಕೂಗಾಡಿದೆ, ಅತ್ತೂಬಿಟ್ಟೆ. ಅದಕ್ಕೇನೀಗ?" ಟೀಚರು ಎದ್ದು ನಿಂತರು. "ಇವತ್ತು ಅವರೇ ನನ್ನ ಲೇನಿಗೆ ಬಂದ್ರು. ಮಣಿಕಟ್ಟು ಹೀಗಿರಲಿ ಅಂತ ತಮ್ಮ ಪಿಸ್ತೂಲಲ್ಲೇ ಹಾರಿಸಿ ತೋರಿಸಿದ್ರು. ನನ್ನ ಟ್ರೇಯಿಂದಲೇ ಗುಂಡು ತಗೊಂಡ್ರು."

"ಎಷ್ಟು?"

"ನೋಡಲಿಲ್ಲ ಸಾರ್. ನಾಲ್ಕೋ ಐದೋ."

ಇನ್‌ಸ್ಪೆಕ್ಟರ್ ಕನ್ನಡಕ ತೆಗೆದು ಒರೆಸಿದರು. ಟೀಚರು ಲೇನು ಬಿಟ್ಟು ಕದಲಿರಲಿಲ್ಲ. ಲೇನುಗಳ ಬಾಗಿಲನ್ನಷ್ಟೇ ತೋರಿಸುವ ಕೌಂಟರಿನ ಕ್ಯಾಮೆರಾದಲ್ಲಿ ಅಷ್ಟು ಸ್ಪಷ್ಟವಿತ್ತು. ಒರೆಸುವ ಕೋಣೆಯಲ್ಲಿ ಕ್ಯಾಮೆರಾ ಇರಲಿಲ್ಲ.

"ಹಾಗಾದ್ರೆ ಸರಳ." ಅವರು ಚೆಕಿಂಗಕ್ಕನ ಕಡೆ ತಿರುಗಿದರು. "ಐದು ತುಂಬಿದ್ರು. ನಾಲ್ಕು ಹಾರಿಸಿದ್ರು. ಒಂದು ಒಳಗೇ ಉಳೀತು. ನೀವು ಖಾಲಿ ಅಂತ ಸಹಿ ಹಾಕಿದ್ರಿ. ಅವರು ನಿಮ್ಮ ಸಹಿ ನಂಬಿದ್ರು."

ಅವಳು ಪುಸ್ತಕದಲ್ಲಿದ್ದ ತನ್ನ ಸಹಿ ನೋಡಿದಳು. ನಾನು ನೋಡಿದ್ದೆ ಎಂದರೆ ತಪ್ಪಿಸಿಕೊಳ್ಳುವವರ ಮಾತು. ನೆನಪಿಲ್ಲ ಎಂದರೆ ಒಪ್ಪಿಕೊಂಡವರ ಮಾತು. ಯಾವ ಬಾಗಿಲು ತಟ್ಟಿದರೂ ಗೋಡೆ.

"ಅಕ್ಕನ್ನ ಬಯ್ಬೇಡಿ ಸಾರ್," ಬೆಂಚಿನ ಮೇಲಿಂದ ಡಾಕ್ಟರು ಮೆಲ್ಲಗೆ ಹೇಳಿದರು. "ಪಾಪ, ಮನುಷ್ಯರ ಕಣ್ಣು. ಒಂದು ಸಲ ತಪ್ಪುತ್ತೆ."

ಆ ಕರುಣೆ ಬೈಗುಳಕ್ಕಿಂತ ಚುಚ್ಚಿತು. ಅವಳು ಗೋಡೆಗೆ ಒರಗಿ ಕೂತಳು. ಕೋಚ್ ಹೆಂಡತಿಗೆ ಫೋನು ಹೋಗಿತ್ತು. ಇನ್ನೇನು ಬರುತ್ತಾರೆ. ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾರು ನೋಡಿದ್ದು?

ಫ್ಯಾನಿಲ್ಲದೆ ಬೆವರು ಇಳಿಯುತ್ತಿತ್ತು.

"ಆ ಗಡಿಯಾರ ಯಾರಾದ್ರೂ ನಿಲ್ಲಿಸ್ತೀರಾ?" ಡಾಕ್ಟರು ಸಿಡುಕಿದರು. "ಟಿಕ್ ಟಿಕ್ ಅಂತ ತಲೆ ತಿಂತಿದೆ."

ಗಡಿಯಾರ ಕೌಂಟರಿನ ಮೇಲಿತ್ತು. ಬೆಂಚಿನಿಂದ ಹತ್ತು ಹೆಜ್ಜೆ. ಚೆಕಿಂಗಕ್ಕ ಕಿವಿಗೊಟ್ಟಳು. ಸೊಳ್ಳೆ ಕಾಲೂರಿದಷ್ಟು ಸಣ್ಣ ಸದ್ದು.

ಅವಳ ಬೆನ್ನು ನೆಟ್ಟಗಾಯಿತು.

ಆರು ವರ್ಷದ ಹಿಂದೆ ಒಮ್ಮೆ ಅವಳ ಮಫ್ ಜಾರಿತ್ತು. ಪಕ್ಕದ ಲೇನಿನಲ್ಲಿ ಒಂದೇ ಒಂದು ಗುಂಡು. ಎರಡು ದಿನ ಕಿವಿಯೊಳಗೆ ಜೀರುಂಡೆ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುವುದು ಕೇಳದೆ, "ಬಕೆಟ್ಟು ತುಂಬಿ ಹರಿದ್ರೂ ಕೇಳಲ್ವೇನೇ ಕಿವುಡಿ" ಎಂದು ಅಮ್ಮನಿಂದ ಬೈಸಿಕೊಂಡಿದ್ದಳು. ಅದು ವಿಶಾಲವಾದ ಲೇನು. ಒರೆಸುವ ಕೋಣೆ ಎಂಟಡಿ ಉದ್ದ, ಎಂಟಡಿ ಅಗಲದ ಕಾಂಕ್ರೀಟ್ ಡಬ್ಬ.

* * *

"ಸಾರ್, ಡಾಕ್ಟ್ರನ್ನ ಒಂದೇ ಪ್ರಶ್ನೆ ಕೇಳಿ," ಅವಳು ಇನ್‌ಸ್ಪೆಕ್ಟರನ್ನು ಪಕ್ಕಕ್ಕೆ ಕರೆದು ಹೇಳಿದಳು. "ಅಷ್ಟಾದ್ಮೇಲೆ ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕೊಂಡು ಹೋಗಿ."

ಇನ್‌ಸ್ಪೆಕ್ಟರ್ ಒಂದು ಗಳಿಗೆ ಅವಳ ಮುಖ ನೋಡಿದರು. ಆ ಪ್ರಶ್ನೆ ಏನೆಂದು ಅವಳಿಂದ ಕೇಳಿಕೊಂಡು ಬೆಂಚಿನ ಹತ್ತಿರ ಹೋದರು.

"ಡಾಕ್ಟ್ರೇ, ಗುಂಡು ಹಾರಿದಾಗ ನಿಮ್ಮ ಕಿವಿಗೆ ಮಫ್ಫೋ ಪ್ಲಗ್ಗೋ ಇತ್ತಾ?"

"ಒರೆಸೋ ಕೋಣೇಲಿ ಅದನ್ನ ಯಾರು ಹಾಕ್ತಾರೆ? ಅಲ್ಲಿಗೆ ಬರೋದೇ ಖಾಲಿ ಪಿಸ್ತೂಲು. ನನ್ನ ಮಫ್ ಲೇನಿನ ಮೊಳೆಗೇ ನೇತಾಕಿ ಬಂದಿದ್ದೆ. ಬರೀ ಕಿವಿ."

"ಬರ್ಕೊಳ್ಳಯ್ಯಾ. ಬರೀ ಕಿವಿ. ಮೇಡಂ, ಈಗ ಹೇಳಿ."

"ಬರೀ ಕಿವಿಲಿ ಆ ಡಬ್ಬದಲ್ಲಿ ಗುಂಡಿನ ಸದ್ದು ಕೇಳಿದೋರಿಗೆ ಇವತ್ತೆಲ್ಲ ಕಿವಿ ಗುಂಯ್ ಅಂತಿರುತ್ತೆ ಸಾರ್. ಮೊದಲು ಹೋಗೋದೇ ಸಣ್ಣ ಸದ್ದು. ನಾನು ಬಾಗಿಲಲ್ಲಿ ಉಸಿರಲ್ಲಿ ಮಾತಾಡಿದೆ, ಇವರು ಬೆನ್ನು ಹಾಕಿ ನಿಂತವರು ತಕ್ಷಣ ತಿರುಗಿದ್ರು. ಈಗ ಗಡಿಯಾರದ ಟಿಕ್ ಟಿಕ್ ಇವರ ತಲೆ ತಿಂತಿದೆ." ಅವಳ ದನಿ ಈಗ ಗಟ್ಟಿಯಾಗಿತ್ತು. "ಇವರ ಕಿವಿ ಮುಚ್ಚಿತ್ತು. ಅಪಘಾತಕ್ಕೆ ಮುಂಚೆಯೇ ಯಾರೂ ಕಿವಿ ಮುಚ್ಕೊಳ್ಳಲ್ಲ. ಗುಂಡು ಹಾರುತ್ತೆ ಅಂತ ಗೊತ್ತಿದ್ದೋರು ಮುಚ್ಕೋತಾರೆ."

ಡಾಕ್ಟರ ಕೈ ತನಗೆ ತಾನೇ ಕಿವಿಯ ಕಡೆ ಹೋಗಿ, ಅರ್ಧದಲ್ಲಿ ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಅಯ್ಯೋ, ಪ್ಲಗ್ ಇತ್ತೇನೋ. ಮರ್ತೆ. ಹನ್ನೆರಡು ವರ್ಷದ ಅಭ್ಯಾಸ..."

"ಇದ್ರೆ ಎಲ್ಲಿ ಹೋಯ್ತು? ನಿಮ್ಮ ಜೇಬು ನಾವಾಗಲೇ ನೋಡಿದ್ವಿ," ಎಂದರು ಇನ್‌ಸ್ಪೆಕ್ಟರ್. "ಅಯ್ಯಾ, ಆ ಕೋಣೆಯ ಕಸದ ಡಬ್ಬ ಸುರಿ."

ಕಾನ್‌ಸ್ಟೆಬಲ್ ಕಾಗದ ಹಾಸಿ ಸುರಿದ. ಎಣ್ಣೆ ಮೆತ್ತಿದ ಚಿಂದಿಗಳ ತಳದಿಂದ ಎರಡು ಕಿತ್ತಳೆ ಬಣ್ಣದ ಫೋಮ್ ಪ್ಲಗ್ಗು ಉರುಳಿದವು.

"ಬೆಳಿಗ್ಗೆ ಡಬ್ಬ ಖಾಲಿ ಮಾಡಿದ್ದು ನಾನು," ಎಂದಳು ಚೆಕಿಂಗಕ್ಕ. "ಆಮೇಲೆ ಆ ಕೋಣೆಗೆ ಹೋದೋರು ಕೋಚ್ ಮತ್ತೆ ಈ ಡಾಕ್ಟ್ರು ಇಬ್ಬರೇ. ನನ್ನ ಹೆಜ್ಜೆ ಕೇಳೋದರೊಳಗೆ ಕಿತ್ತು ತುರುಕಿದ್ದಾರೆ."

"ಯಾವ ಕಿವಿಲಿದ್ದದ್ದು ಅಂತ ಪ್ರಯೋಗಾಲಯ ಹೇಳುತ್ತೆ," ಎಂದು ಇನ್‌ಸ್ಪೆಕ್ಟರ್ ಎರಡನ್ನೂ ಚೀಲಕ್ಕೆ ಹಾಕಿಸಿದರು. "ಇವತ್ತೇ ಕಿವಿ ಡಾಕ್ಟರ ಹತ್ತಿರವೂ ಹೋಗೋಣ. ಎಷ್ಟು ಚೆನ್ನಾಗಿ ಕೇಳುತ್ತೆ ಅಂತ ಮೆಷೀನಲ್ಲಿ ಬರೆಸೋಣ. ಎರಡನೇ ಲೇನು ನಿಮ್ದು. ಮೂರನೇ ಲೇನಿನ ಟ್ರೇ ಕೈಗೆ ಸಿಗುವಷ್ಟು ಹತ್ತಿರ. ಕೋಚ್ ಪಾಠ ಹೇಳ್ತಿದ್ದಾಗ ಒಂದು ಗುಂಡು ಎತ್ತಿದ್ರಿ. ಒಳಗೆ ಹೋಗಿ, ನೋಡಿ ಕೊಡ್ತೀನಿ ಅಂತ ಪಿಸ್ತೂಲು ಈಸ್ಕೊಂಡ್ರಿ. ಆ ಗುಂಡು ತುಂಬಿ, ಹಾರಿಸಿ, ಅವರ ಕೈಗಿಟ್ರಿ. ಅಪಘಾತ ಅಂದ್ರೆ ಮುಗೀತು. ಪಾಪ ಅಕ್ಕ ಹೊತ್ಕೋತಾರೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು."

"ನಾನ್ಯಾಕೆ ಕೊಲ್ಲಲಿ ಅವರನ್ನ?"

ಇನ್‌ಸ್ಪೆಕ್ಟರ್ ಕೋಚ್ ಚೀಲದಲ್ಲಿ ಸಿಕ್ಕ ಲಕೋಟೆ ತೋರಿಸಿದರು. ಅದು ಲೈಸೆನ್ಸ್ ಕಚೇರಿಗೆ ಬರೆದ ಪತ್ರ. ಪ್ರತಿ ವರ್ಷ ಸದಸ್ಯರ ಲೈಸೆನ್ಸ್ ಮುಂದುವರಿಯಲು ಕೋಚ್ ಸಹಿ ಬೇಕು. ಈ ಸಲ ಅವರು ಬರೆದದ್ದೇ ಬೇರೆ. ಡಾಕ್ಟರ ಹೆಂಡತಿ ಕೋಚ್ ಹತ್ತಿರ ಬಂದು ಅತ್ತಿದ್ದರು. ಪಿಸ್ತೂಲು ಕಪಾಟಿನೊಳಗಿರುವುದಿಲ್ಲ. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ ಇರುತ್ತದೆ, ಅದರ ಬಾಯಿ ಹೆಂಡತಿಯ ಕಡೆಗೆ.

"ಅಪಘಾತ ಅಂದ್ಕೊಂಡು ಇದನ್ನ ಓದದೆ ಬಿಟ್ಟಿದ್ದೆ. ತಪ್ಪು ನಂದು. 'ಇಂಥವರ ಕೈಗೆ ನಾನು ಆಟದ ಪಿಸ್ತೂಲೂ ಕೊಡೆ' ಅಂತ ಬರೆದಿದ್ದಾರೆ. ನಾಳೆ ಅಂಚೆಗೆ ಹೋಗಬೇಕಿತ್ತು. ನಿಮಗೆ ಹೇಳಿಯೇ ಕಳಿಸೋ ಮನುಷ್ಯ ಅವರು. ನಿನ್ನೆಯೇ ಹೇಳಿದ್ರು, ಇವತ್ತು ಮಾತಾಡೋ ನೆಪದಲ್ಲಿ ನೀವು ಅವರ ಹಿಂದೆ ಒಳಗೆ ಹೋದ್ರಿ, ಅಲ್ವಾ?"

ಡಾಕ್ಟರು ಉಕ್ಕಿನ ಬಾಗಿಲ ಕಡೆ ನೋಡಿದರು. ಅಲ್ಲಿ ಕಾನ್‌ಸ್ಟೆಬಲ್ ನಿಂತಿದ್ದ.

"ಅವರು ನನ್ನ ಮನೆ ವಿಷಯಕ್ಕೆ ಬರಬಾರದಿತ್ತು," ಎಂದರು.

"ಏಳಯ್ಯಾ ಮೇಲೆ," ಎಂದರು ಇನ್‌ಸ್ಪೆಕ್ಟರ್.

* * *

ಬಾಗಿಲು ತೆರೆಯಿತು. ಡಾಕ್ಟರನ್ನು ಮೇಲೆ ಕರೆದೊಯ್ದರು. ಟೀಚರು ಮೂರು ಮೂರು ಮೆಟ್ಟಿಲು ಹಾರಿ ಗಾಳಿಗೆ ಓಡಿದರು.

"ನೀವೂ ಹೋಗಿ ಮೇಡಂ," ಎಂದರು ಇನ್‌ಸ್ಪೆಕ್ಟರ್.

ಚೆಕಿಂಗಕ್ಕ ಏಳಲಿಲ್ಲ. ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸುತ್ತಿತ್ತು. ಕೋಚ್ ಹೆಂಡತಿ ಕಂಬಿ ಹಿಡಿದು ಇಳಿದು ಬಂದರು. ಯಾರನ್ನೂ ನೋಡಲಿಲ್ಲ. ನೇರವಾಗಿ ಅವಳೆದುರು ನಿಂತರು.

"ಅವರ ಪಿಸ್ತೂಲು ನೋಡಿದ್ದು ನೀನೇ ಏನಮ್ಮಾ?"

ಅವಳು ಎದ್ದು ನಿಂತಳು.

"ಹೌದಮ್ಮಾ, ನಾನೇ. ಖಾಲಿ ಇತ್ತು."