ಅಕ್ಟೋಬರ್ ಹದಿನಾರರ ಅಳತೆ

2025ರ ನವೆಂಬರ್ 3, ಸೋಮವಾರ. ಬೆಳಿಗ್ಗೆ 10-20ಕ್ಕೆ ಹೊನ್ನಾವರ ಠಾಣೆಗೆ ಬಂದ ದೂರು ಮೂರು ಪುಟದ್ದು, ಅಚ್ಚುಕಟ್ಟಾಗಿ ಟೈಪ್ ಮಾಡಿದ್ದು. ಠಾಣೆಗೆ ಬರುವವರು ಸಾಮಾನ್ಯವಾಗಿ ಅತ್ತುಕೊಂಡೋ ಬೈದುಕೊಂಡೋ ಬರುತ್ತಾರೆ, ಬರೆಯುವ ಕಷ್ಟ ಪೊಲೀಸರದ್ದು. ಟೈಪ್ ಆಗಿ ಬಂದ ದೂರನ್ನು ಇನ್ಸ್‌ಪೆಕ್ಟರ್ ರೇಖಾ ಯಾವಾಗಲೂ ಎರಡು ಸಲ ಓದುತ್ತಿದ್ದರು. ಇದನ್ನೂ ಓದಿದರು.

ದೂರುದಾರ ಹರಿಹರ ಹೆಗಡೆ, ಮೂವತ್ತಾರು ವರ್ಷ, ಊರು ಸಂತೆಗುಳಿ. ಕುಮಟಾದಲ್ಲಿ ಕುಳಿತು 'ದಡಮಿತ್ರ' ಎಂಬ ಮೊಬೈಲ್ ಆ್ಯಪ್ ನಡೆಸುತ್ತಾನೆ. ಶರಾವತಿ ಕಡಲು ಸೇರುವ ಅಳಿವೆಯಲ್ಲಿ ಮರಳು ದಿನಕ್ಕೊಂದು ಜಾಗದಲ್ಲಿ ಕೂರುತ್ತದೆ. ಬೆಳಿಗ್ಗೆ ಅಲ್ಲಿ ಎಷ್ಟು ಅಡಿ ನೀರಿದೆ, ದೋಣಿ ದಾಟಬಹುದೇ ಎಂದು ಆ್ಯಪ್ ಹೇಳುತ್ತದೆ. ನೂರ ನಲವತ್ತು ದೋಣಿಯವರು ಚಂದಾ ಕೊಟ್ಟು ಅದನ್ನು ನೋಡುತ್ತಾರೆ. ಶನಿವಾರ, ನವೆಂಬರ್ 1ರಂದು ಅದು ಏಳು ಅಡಿ ತೋರಿಸಿತು. ನಂಬಿ ಹೊರಟ ಉಮೇಶ ಅಂಬಿಗನ ದೋಣಿ ಮರಳಿಗೆ ಬಡಿದು ಮಗುಚಿ, ಅವನ ಬಲಗಾಲು ಮುರಿಯಿತು.

ಹರಿಹರನ ಪ್ರಕಾರ ತಪ್ಪು ಅಂಕಿ ತನ್ನದಲ್ಲ. ಅದು ಬಂದದ್ದು ಭಟ್ಕಳ ತಾಲೂಕು ಮುಟ್ಟಳ್ಳಿಯ ಅಂಕಿತಾ ಗೌಡ ನಡೆಸುವ 'ಅಳಿವೆ' ಎಂಬ ಉಚಿತ ಪ್ರೋಗ್ರಾಮಿನ ಸರ್ವರಿನಿಂದ. ತನ್ನ ವ್ಯಾಪಾರ ಹಾಳು ಮಾಡಲು ಅವಳು ಬೇಕೆಂದೇ ಅಂಕಿ ಕೆಡಿಸಿದ್ದಾಳೆ, ಆ ಸರ್ವರ್ ಮುಚ್ಚಿಸಬೇಕು.

"ಅವಳ ಪರಿಚಯ ಉಂಟಾ?" ರೇಖಾ ಕೇಳಿದರು.

"ನಾಲ್ಕು ವರ್ಷ ಒಟ್ಟಿಗೆ ಬರೆದದ್ದು ಮೇಡಂ. ಅರ್ಧ ಪ್ರೋಗ್ರಾಮ್ ನಂದೇ."

"ಬಿಟ್ಟದ್ದು ಯಾಕೆ?"

"ಪುಕ್ಕಟೆ ಕೆಲಸ ಎಷ್ಟು ದಿನ ಮಾಡುದು?"

11-45ಕ್ಕೆ ಎಫ್‌ಐಆರ್ ದಾಖಲಾಯಿತು. ಒಂದು ಗಂಟೆಗೆ ರೇಖಾ, ಕಾನ್‌ಸ್ಟೇಬಲ್ ಪ್ರಕಾಶನ ಜೊತೆ ಆಸ್ಪತ್ರೆಗೆ ಹೋಗಿ ಉಮೇಶನ ಹೇಳಿಕೆ ಪಡೆದರು. ಅವನಿಗೆ ಕಾಲಿಗಿಂತ ಮರ್ಯಾದೆ ಹೆಚ್ಚು ನೋಯುತ್ತಿತ್ತು.

"ಮರಳು ಕಣ್ಣಿಗೆ ಕಾಣ್ತಿತ್ತು," ಅಂದ. "ಫೋನಲ್ಲಿ ಏಳು ಅಂತಿತ್ತು. ಮೂವತ್ತು ವರ್ಷ ಕಣ್ಣು ನಂಬ್ದವ, ಅವತ್ತು ಫೋನ್ ನಂಬ್ದೆ."

ಮಧ್ಯಾಹ್ನ 3-30ಕ್ಕೆ ಮುಟ್ಟಳ್ಳಿ. ಅಂಕಿತಾ ಗೌಡಳಿಗೆ ಇಪ್ಪತ್ತೆಂಟು, ಹೊನ್ನಾವರದ ಒಂದು ಐಟಿಐಯಲ್ಲಿ ಅತಿಥಿ ಬೋಧಕಿ. ಇಬ್ಬರು ಪಂಚರ ಎದುರು, ವಿಡಿಯೋ ಮಾಡಿಕೊಂಡು, ಲ್ಯಾಪ್‌ಟಾಪ್ ಜಪ್ತಿ ಮಾಡಲಾಯಿತು. ಅವಳು ಪಂಚನಾಮೆಯನ್ನು ಸಾಲು ಸಾಲಾಗಿ ಓದಿ ಒಂದು ಕಡೆ ಬೆರಳಿಟ್ಟಳು.

"ಇಲ್ಲಿ ಅಕ್ರಮ ಸರ್ವರ್ ಅಂತ ಬರ್ದೀರಿ. ಅಕ್ರಮ ಹೌದಾ ಅಲ್ದಾ ಅಂತ ನೀವಿನ್ನೂ ನೋಡ್ಬೇಕಷ್ಟೆ. ಆ ಶಬ್ದ ಹೊಡೀರಿ."

ಪ್ರಕಾಶ ರೇಖಾರ ಮುಖ ನೋಡಿದ. ರೇಖಾ ತಲೆಯಾಡಿಸಿದರು. ಅವನು ಹೊಡೆದು ಸಣ್ಣ ಸಹಿ ಹಾಕಿದ. ಕಾನೂನು ಗೊತ್ತಿಲ್ಲದ ಆರೋಪಿಗಳನ್ನೇ ಕಂಡು ರೂಢಿಯಾದ ಇಲಾಖೆಗೆ ಇಂಥವರು ಅಪರೂಪಕ್ಕೆ ಸಿಗುವುದು ಒಳ್ಳೆಯದೇ.

"ಇದಕ್ಕೆ ನಿನಗೆ ಸಂಬಳ ಯಾರು ಕೊಡ್ತಾರೆ?"

"ಯಾರೂ ಇಲ್ಲ."

"ಮತ್ತೆ ನಡೀತದೆ ಹೇಗೆ?"

ಉತ್ತರ ಕೊಟ್ಟದ್ದು ಬಾಗಿಲಲ್ಲಿ ನಿಂತಿದ್ದ ತಾಯಿ ಚೌಡಮ್ಮ. "ನಟ್ಟಿ ಟೈಮಲ್ಲಿ ನಮ್ಮ ಗದ್ದಿಗೆ ಇಪ್ಪತ್ ಜನ ಬರ್ತ್ರು. ನಾಳೆ ಅವ್ರ ಗದ್ದಿಗೆ ನಾವು ಹೋಗೂದು. ಅದ್ಕೆ ಎಂತ ಸಂಬ್ಳ?"

ಮುಯ್ಯಾಳು. ರೇಖಾಗೆ ಗೊತ್ತಿದ್ದ ಪದ್ಧತಿಯೇ. ಅದು ಕಂಪ್ಯೂಟರಿಗೂ ನಡೆಯುತ್ತದೆ ಎಂಬುದು ಗೊತ್ತಿರಲಿಲ್ಲ. ಅಂಕಿತಾ ವಿವರಿಸಿದಳು. ನಕ್ಷೆ ತೋರಿಸುವ ಭಾಗ ಬರೆದವನು ಪುಣೆಯವನು, ಅವನ ಔಷಧಿ ಅಂಗಡಿ ಪ್ರೋಗ್ರಾಮಿಗೆ ಇವಳು ಕನ್ನಡ ಹಾಕಿಕೊಟ್ಟಳು. ಸರ್ವರಿಗೆ ಜಾಗ ಕೊಟ್ಟವರ ಮಕ್ಕಳಿಗೆ ಭಾನುವಾರ ಪಾಠ. ನೀರಿನ ಅಳತೆ ಕೊಡುವವರು ಹೊಳೆಯ ನಡುಗಡ್ಡೆ ಮಾವಿನಕುರ್ವೆಯವರು, ಸರದಿಯ ಮೇಲೆ ಬೆಳಿಗ್ಗೆ ಬಿದಿರ ಗಳ ಇಳಿಸಿ ನೋಡುತ್ತಾರೆ. ಪ್ರೋಗ್ರಾಮನ್ನು ಯಾರು ಬೇಕಾದರೂ ಒಯ್ಯಬಹುದು, ಮಾರಲೂಬಹುದು.

"ಹರಿಹರ ಮಾರಿದ್ದಕ್ಕೆ ಸಿಟ್ಟಿಲ್ಲವಾ?"

"ಮಾರ್ಲಿ. ಅದಕ್ಕೇ ಇಟ್ಟದ್ದು. ಆದ್ರೆ ಕುರ್ವೆಯವ್ರು ಸೆಪ್ಟೆಂಬರಲ್ಲಿ ಒಂದು ಮಾತು ಹೇಳಿದ್ರು. ದಿನದ ಅಳತೆ ಬೇಕಾದವ್ರು ತಿಂಗಳಿಗೊಂದು ಬೆಳಿಗ್ಗೆ ತಾವೂ ಬಂದು ಗಳ ಹಿಡೀಬೇಕು. ಎಲ್ಲರೂ ಬಂದ್ರು. ಅವ ಬರ್ಲಿಲ್ಲ. ಅಲ್ಲಿಂದ ಅವ್ನಿಗೆ ನಮ್ಮ ಅಂಕಿ ಹೋಗ್ತಿಲ್ಲ."

"ನೀವೆಲ್ಲ ತಡೆದದ್ದರಿಂದಲೇ ಉಮೇಶನ ಕಾಲು ಮುರೀತು ಅಂತ ನಾನು ಹೇಳಬಹುದು."

"ಹೇಳ್ಬಹುದು. ಆದ್ರೆ ಅಳತೆ ಇಲ್ದಿದ್ರೆ ಇಲ್ಲ ಅಂತ ತೋರ್ಸ್ಬೇಕು. ಏಳು ಅಂತ ತೋರ್ಸಿದ್ದು ನಾನಲ್ಲ."

ಇದು ಅವಳ ಮಾತು, ಅದು ಅವನ ಮಾತು. ಹೊರಗೆ ಬರುವಾಗ ಮೇಲಧಿಕಾರಿಯ ಫೋನ್ ಬಂತು. ಹುಡುಗಿ ಸರ್ವರ್ ಮುಚ್ಚುತ್ತೇನೆಂದು ಬರೆದುಕೊಟ್ಟರೆ ದೂರುದಾರ ರಾಜಿಗೆ ಸಿದ್ಧ, ಸುಮ್ಮನೆ ಎಳೆಯಬೇಡಿ. ರೇಖಾ ಒಳಗೆ ಹೋಗಿ ಅದನ್ನು ಹೇಳಿದರು, ಹೇಳಲು ಮನಸ್ಸಿಲ್ಲದೆ ಹೇಳಿದರು.

"ಕೇಸು ನಿಂತರೆ ನಿನ್ನ ಐಟಿಐ ಕೆಲಸ ಹೋಗ್ತದೆ. ಗೊತ್ತುಂಟಾ?"

"ಪ್ರಿನ್ಸಿಪಾಲ್ರು ಮಧ್ಯಾಹ್ನನೇ ಫೋನ್ ಮಾಡಿ ಹೇಳಿದ್ರು."

"ಮತ್ತೆ?"

"ಬರ್ಕೊಡೂದಿಲ್ಲ. ಮುನ್ನೂರು ದೋಣಿಯವ್ರು ಬೆಳಿಗ್ಗೆ ಎದ್ದು ಅದನ್ನ ನೋಡ್ತ್ರು. ನಾನು ತಪ್ಪು ಮಾಡಿದ್ರೆ ನನ್ನನ್ನ ಒಯ್ಯಿರಿ. ಅದನ್ನ ಮುಚ್ಚೂಕೆ ನನ್ನ ಕೈಲಿ ಬರೆಸ್ಬೇಡಿ."

ಕರೆದಾಗ ಹಾಜರಾಗಬೇಕೆಂಬ ನೋಟಿಸ್ ಕೊಟ್ಟು ಬಂದರು. ಜೀಪಿನಲ್ಲಿ ಪ್ರಕಾಶ, "ಗಟ್ಟಿ ಉಂಟು ಮೇಡಂ," ಅಂದ.

ನವೆಂಬರ್ 4, ಮಂಗಳವಾರ, ಬೆಳಿಗ್ಗೆ 6-10. ಮಾವಿನಕುರ್ವೆಯ ದೀಪಾ ದೋಣಿಯ ತುದಿಯಲ್ಲಿ ನಿಂತು, ಅಡಿಗೊಂದು ಕೆಂಪು ಪಟ್ಟೆ ಬಳಿದ ಬಿದಿರ ಗಳವನ್ನು ಅಳಿವೆಯ ನೀರಿಗೆ ಇಳಿಸುತ್ತಿದ್ದಳು. ಅಳೆದು, ಫೋನಿಗೆ ಹೇಳಿ, ಕಳಿಸಿ, ಆಮೇಲೆ ಪೊಲೀಸರ ಕಡೆ ತಿರುಗಿದಳು.

"ಅಂಕಿತಾಳ ಲ್ಯಾಪ್‌ಟಾಪ್ ನಮ್ಮಲ್ಲುಂಟು. ಇದನ್ನು ಯಾರಿಗೆ ಕಳಿಸ್ತೀಯ?" ರೇಖಾ ಕೇಳಿದರು.

"ಲ್ಯಾಪ್‌ಟಾಪ್ ನೀವು ಒಯ್ದದ್ದು. ಗಳ ಒಯ್ಲಿಲ್ಲ. ಗ್ರೂಪಿಗೆ ವಾಯ್ಸ್ ಹಾಕ್ತೇವೆ, ದೋಣಿಯವ್ರು ಕೇಳ್ಕಂತ್ರು."

"ನವೆಂಬರ್ ಒಂದಕ್ಕೆ ಅಳೆದದ್ದು ಯಾರು?"

"ನಾನೇ. ಮೂರಡಿ. ದಾಟ್ಬೇಡಿ ಅಂತ ಹೇಳಿದ್ದೆ."

ಅವಳ ಫೋನಿನಲ್ಲಿ ಆ ಧ್ವನಿ ಇತ್ತು. ವೇಳೆ 6-05. ಪ್ರಕಾಶ ಅದನ್ನು ಬರೆದುಕೊಂಡ. ಆದರೆ ಇಷ್ಟರಿಂದ ಏನೂ ತೀರ್ಮಾನವಾಗುವುದಿಲ್ಲ. ದೀಪಾ ಮೂರು ಹೇಳಿದ್ದನ್ನು ಅಂಕಿತಾ ಏಳು ಮಾಡಿ ಹರಿಹರನಿಗೆ ಕಳಿಸಿರಬಹುದು, ದೂರು ಹೇಳುವುದೂ ಅದನ್ನೇ.

ತಿಂಗಳು ಮುಗಿದ ಮೇಲೆ ಆ ತಿಂಗಳ ಅಳತೆಯನ್ನೆಲ್ಲ 'ಅಳಿವೆ'ಯವರು ಎಲ್ಲರಿಗೂ ಕಾಣುವಂತೆ ತೆರೆದಿಡುತ್ತಾರೆ. ಪ್ರಕಾಶ ಹಿಂದಿನ ದಿನವೇ ಅಕ್ಟೋಬರಿನದ್ದನ್ನು ಕೂತು ಓದಿದ್ದ. ಅದರಲ್ಲಿ ಒಂದು ದಿನ ಖಾಲಿ.

"ಅಕ್ಟೋಬರ್ ಹದಿನಾರಕ್ಕೆ ಅಳತೆ ಇಲ್ಲ. ಮಳೆಯಿತ್ತಾ?" ಅವನು ದೀಪಾಳನ್ನು ಕೇಳಿದ.

"ಮಳೆಯಲ್ಲ. ಹಮ್ಮಜ್ಜ ತೀರ್ಕಂಡ ದಿನ. ಕುರ್ವೆಲಿ ಸಾವಾದ್ರೆ ಮಣ್ಣು ಮಾಡೂವರೆಗೆ ಒಂದು ದೋಣಿನೂ ಇಳಿಯೂದಿಲ್ಲ. ಗಳನೂ ಅದ್ದೂದಿಲ್ಲ. ಕೇಳಿ ಬೇಕಾದ್ರೆ, ಅವತ್ತು ಈ ನೀರು ಮುಟ್ಟಿದವ್ರು ಯಾರೂ ಇಲ್ಲ."

ಪ್ರಕಾಶ ಮನೆಮನೆಗೆ ಹೋಗಿ ವಿಚಾರಿಸಿದ. ನಾಲ್ಕು ಮನೆಯವರು ಒಂದೇ ಮಾತು ಹೇಳಿದರು. ಪಂಚಾಯತಿಯಿಂದ ಮರಣ ದಾಖಲೆಯ ನಕಲು ಪಡೆಯಲಾಯಿತು.

ಮಧ್ಯಾಹ್ನ 2-15ಕ್ಕೆ ಕುಮಟಾ. ದೂರಿನಲ್ಲಿ ಸಂಸ್ಥೆ ಎಂದು ಬರೆದಿದ್ದ ದಡಮಿತ್ರ, ತಂಪು ಪಾನೀಯದ ಅಂಗಡಿಯ ಮೇಲಿನ ಒಂದು ಕೋಣೆ. ಮೂರು ಕುರ್ಚಿ, ಇರುವವನು ಒಬ್ಬ.

"ನಿಮ್ಮ ಆ್ಯಪಿನ ಎರಡು ತಿಂಗಳ ದಾಖಲೆ ತೆಗೆಯಿರಿ," ರೇಖಾ ಹೇಳಿದರು.

"ಯಾಕೆ ಮೇಡಂ? ನಾನು ಸುಳ್ಳು ಅಂಕಿ ಹಾಕಿಲ್ಲ."

ಹಾಕಿದ್ದೀಯ ಎಂದು ಯಾರೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ರೇಖಾ ಕುರ್ಚಿ ಎಳೆದು ಕೂತರು.

ದಾಖಲೆ ಬಂತು. ಒಂದು ದಿನವೂ ಖಾಲಿಯಿಲ್ಲ. ಅಕ್ಟೋಬರ್ 16, ಬೆಳಿಗ್ಗೆ 6-10, ಆರೂವರೆ ಅಡಿ, ಅಳೆದವರು ಮಾವಿನಕುರ್ವೆ ವೀಕ್ಷಕ.

"ಈ ವೀಕ್ಷಕ ಯಾರು?"

"ಅದು... ಅಂಕಿತಾಳ ಸರ್ವರಿನಿಂದ ಬಂದದ್ದು."

"ಅವಳ ಸರ್ವರಿನಲ್ಲಿ ಆ ದಿನದ ಅಳತೆಯೇ ಇಲ್ಲ. ಆ ದಿನ ಕುರ್ವೆಯಲ್ಲಿ ಹೆಣ ಇತ್ತು. ಯಾರೂ ಗಳ ಅದ್ದಲಿಲ್ಲ. ಈಗ ಹೇಳಿ, ಅಳೆದದ್ದು ಯಾರು?"

ಹರಿಹರ ಕುರ್ಚಿಯನ್ನು ಪರದೆಯಿಂದ ಹಿಂದೆ ಸರಿಸಿದ. ನಾಲ್ಕು ವರ್ಷ ಆ ಅಂಕಿಗಳಿಗೆ ಪ್ರೋಗ್ರಾಮ್ ಬರೆದವನು ಒಂದು ದಿನವೂ ಆ ಮರಳಿನ ಮೇಲೆ ನಿಂತವನಲ್ಲ. ಅಂಕಿ ಎಲ್ಲಿಂದ ಬರುತ್ತದೆ ಎಂದು ಗೊತ್ತಿದ್ದವನಾಗಿದ್ದರೆ ಒಂದು ಸಾಲನ್ನಾದರೂ ಖಾಲಿ ಬಿಡುತ್ತಿದ್ದ. ಹಿಂದಿನ ವರ್ಷಗಳ ಅಳತೆ ನೋಡಿ, ಸರಾಸರಿ ತೆಗೆದು, ದಿನಕ್ಕೊಂದು ಅಂಕಿ ಹಾಕುವ ಸಣ್ಣ ಪ್ರೋಗ್ರಾಮ್ ಅವನ ಕಂಪ್ಯೂಟರಿನಲ್ಲೇ ಸಿಕ್ಕಿತು. ದೋಣಿ ಮಗುಚಿದ ಮೇಲೆ ಹೆದರಿ, ಯಾರಾದರೂ ತನ್ನ ಮೇಲೆ ಬರುವ ಮೊದಲೇ ತಾನೇ ಠಾಣೆಗೆ ಓಡಿದ್ದ.

4-40ಕ್ಕೆ ಬಂಧನ. ಅದಕ್ಕೆ ಮೊದಲು, ಪಂಚರ ಎದುರು, ಇಂದಿನಿಂದ ಈ ಆ್ಯಪಿನ ಅಳತೆ ನಂಬಬೇಡಿ ಎಂಬ ಒಂದು ಸಾಲನ್ನು ಅವನ ಕೈಯಲ್ಲೇ ನೂರ ನಲವತ್ತು ಫೋನಿಗೆ ಕಳಿಸಿ ರೇಖಾ ಆ್ಯಪ್ ನಿಲ್ಲಿಸಿದರು. ಹೆಂಡತಿ ಮಹಾಲಕ್ಷ್ಮೀಗೆ ಫೋನ್ ಮಾಡಲು ಬಿಟ್ಟಾಗ ಹರಿಹರ ಮನೆಯ ಹವ್ಯಕ ಭಾಷೆಯಲ್ಲಿ ಹೇಳಿದ್ದು ಎರಡೇ ಮಾತು. "ಆನು ಇವತ್ತು ಬತ್ತಿಲ್ಲೆ. ಕಾಯಡ."

ಠಾಣೆಯಲ್ಲಿ ರೇಖಾ ಕೇಳಿದರು. "ತಿಂಗಳಿಗೊಂದು ಬೆಳಿಗ್ಗೆ ಗಳ ಹಿಡಿದಿದ್ದರೆ ಸಾಕಿತ್ತಲ್ಲ?"

"ಹಿಡಿದಿದ್ದರೆ ಮತ್ತೆ ಪುಕ್ಕಟೆ ಕೆಲಸ ಶುರುವಾಗ್ತಿತ್ತು ಮೇಡಂ." ಅವನು ಮೊದಲ ಸಲ ಮುಖ ಎತ್ತಿದ. "ನನ್ನ ಮದುವೆ ದಿನ ಸರ್ವರ್ ನಿಂತಿತ್ತು. ನಲವತ್ತು ಮೆಸೇಜ್. ಬಾಸಿಂಗ ಕಟ್ಟಿಕೊಂಡು, ಮಂಟಪದ ಹಿಂದೆ ಕೂತು ರಿಪೇರಿ ಮಾಡಿದೆ. ಊಟ ಆಯ್ತಾ ಅಂತ ಒಬ್ಬನೂ ಕೇಳಲಿಲ್ಲ. ಯಾವಾಗ ಸರಿ ಆಗ್ತದೆ, ಅಷ್ಟೆ. ಅವತ್ತೇ ಅಂದುಕೊಂಡೆ, ಇನ್ನು ಇವರಿಗೆ ಏನನ್ನೂ ಸುಮ್ಮನೆ ಕೊಡುವುದಿಲ್ಲ."

ರೇಖಾ ಅದನ್ನು ಹಾಗೆಯೇ ಬರೆಸಿಕೊಂಡರು. ಅದರಿಂದ ಉಮೇಶನ ಕಾಲು ಕೂಡುವುದಿಲ್ಲ. ಆದರೂ ಆ ನೋವು ಸುಳ್ಳಲ್ಲ ಎಂದು ಅವರಿಗೆ ಅನ್ನಿಸಿತು, ಅನ್ನಿಸಿದ್ದಕ್ಕೆ ಕಿರಿಕಿರಿಯೂ ಆಯಿತು.

ನವೆಂಬರ್ 14, ಶುಕ್ರವಾರ. ನ್ಯಾಯಾಲಯದ ಆದೇಶದೊಂದಿಗೆ ಅಂಕಿತಾ ಲ್ಯಾಪ್‌ಟಾಪ್ ಒಯ್ಯಲು ಬಂದಳು. ರೇಖಾ ರಿಜಿಸ್ಟರ್ ಮುಂದಿಟ್ಟರು.

"ಅವನ ಗಿರಾಕಿಗಳು?"

"ಅವತ್ತಿಂದ್ಲೇ ನಮ್ಮ ಅಳತೆ ನೋಡ್ತ್ರು. ಗಳ ಹಿಡಿಯೂ ಪಾಳಿಗೂ ಬರ್ತ್ರು. ಉಮೇಶಣ್ಣ ಕಾಲು ಸರಿಯಾದ್ಮೇಲೆ ಬರ್ತೆ ಅಂದಿದಾನೆ. ಅದ್ಕೆ ಯಾರ ಅಪ್ಪಣೆ ಆದ್ರೂ ಬೇಕಾ?"

"ಯಾರದ್ದೂ ಬೇಡ."

ಅವಳು ಸಹಿ ಹಾಕುವಾಗ ರೇಖಾ ಹರಿಹರನ ಹೇಳಿಕೆಯ ಮಾತು ತೆಗೆದರು, ಮದುವೆ ಮಂಟಪ, ನಲವತ್ತು ಮೆಸೇಜ್. ಅಂಕಿತಾಳ ಪೆನ್ನು ನಿಂತಿತು.

"ಅದ್ರಲ್ಲಿ ಒಂದು ನಂದು," ಅಂದಳು. "ಯಾವಾಗ ಆಗ್ತದೆ ಅಂತ್ಲೇ ಕೇಳಿದ್ದೆ. ಇದನ್ನೂ ಬರ್ಕಳಿ."

"ಇದು ಕೇಸಿಗೆ ಬರುವುದಿಲ್ಲಮ್ಮ."

"ಕೇಸಿಗೆ ಬಾರದಿದ್ರೂ ಬರ್ಕಳಿ. ಬರೆಯೂವರೆಗೆ ನಾನು ಏಳೂದಿಲ್ಲ."

ರೇಖಾ ಠಾಣೆಯ ದಿನಚರಿ ತೆರೆದು, ವೇಳೆ 11-50 ಎಂದು ಹಾಕಿ, ಬರೆಯತೊಡಗಿದರು.